ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಪಿತ್ತನಾಳಕ್ಕೆ ಪೆಟ್ಟು: ದೂರು ಕೊಡುವುದೋ, ಬಿಡುವುದೋ?

ಪ್ರಶ್ನೆ: ಮಲೆನಾಡಿನ ಮಗಳು

ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರೌಢಶಾಲಾ ಶಿಕ್ಷಕಿ. ನನ್ನ ತಾಯಿಗೆ 58 ವರ್ಷ. ಹದಿನಾಲ್ಕು ತಿಂಗಳ ಹಿಂದೆ, ಆಗಿನ ಮಳೆಗಾಲದಲ್ಲಿ, ಪಿತ್ತಕೋಶದಲ್ಲಿ ಕಲ್ಲುಗಳಿವೆ ಎಂದು ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಅವರಿಗೆ ಲ್ಯಾಪ್ರೊಸ್ಕೋಪಿ ಶಸ್ತ್ರಚಿಕಿತ್ಸೆ ಮಾಡಿಸಿದೆವು. ನಾಲ್ಕು ಸಣ್ಣ ತೂತು, ಮೂರು ದಿನ ಆಸ್ಪತ್ರೆ, ಹತ್ತು ದಿನಕ್ಕೆ ಮೊದಲಿನಂತೆ ಕೆಲಸ ಎಂದು ಹೇಳಿದ್ದರು. ಪ್ಯಾಕೇಜಿನ ದರ 70 ಸಾವಿರ.

ಎರಡನೆಯ ದಿನ ಹೊಟ್ಟೆಯ ಪಕ್ಕದಲ್ಲಿ ಇಳಿಬಿಟ್ಟಿದ್ದ ಡ್ರೈನ್ ಚೀಲದಲ್ಲಿ ಹಸಿರು ಮಿಶ್ರಿತ ಹಳದಿ ನೀರು ತುಂಬಿತ್ತು. ಗೋಮೂತ್ರಕ್ಕೆ ಪಾಚಿ ಕಲಸಿದ ಹಾಗಿದೆ ಎಂದು ಅಮ್ಮ ನರ್ಸ್‌ಗೆ ತೋರಿಸಿದರು. ಅವರು ಅಳತೆ ನೋಡಿ ಬರೆದುಕೊಂಡು ಹೋದರು. ಮೂರನೆಯ ದಿನ ಡ್ರೈನ್ ತೆಗೆದರು, ನಾಲ್ಕನೆಯ ದಿನ ಮನೆಗೆ ಕಳುಹಿಸಿದರು. ಮನೆಗೆ ಬಂದ ಮೇಲೆ ಹೊಟ್ಟೆ ಉಬ್ಬರಿಸಿ ಊಟ ಸೇರದಾಯಿತು. ಎರಡು ಬಾರಿ ಫೋನ್ ಮಾಡಿದಾಗಲೂ ಗ್ಯಾಸ್ ತುಂಬಿರಬೇಕೆಂದು ಮಾತ್ರೆ ಹೇಳಿದರು. ಎಂಟನೆಯ ದಿನ ಕಣ್ಣು ಹಳದಿಯಾಗಿ, ನಡುಗುವ ಚಳಿಜ್ವರ ಬಂದು ಮತ್ತೆ ಅಲ್ಲಿಗೇ ಕರೆದೊಯ್ದೆವು. ಸ್ಕ್ಯಾನ್ ಮಾಡಿದ ಅರ್ಧ ಗಂಟೆಯಲ್ಲಿ ಕೈಗೆ ಒಂದು ಚೀಟಿ ಕೊಟ್ಟು ದೊಡ್ಡ ಆಸ್ಪತ್ರೆಗೆ ಹೋಗಲು ಹೇಳಿದರು. ಆ ರಾತ್ರಿ ಮಳೆಯಲ್ಲಿ ಹುಲಿಕಲ್ ಘಾಟಿ ಇಳಿಯುವಾಗ ಆಂಬುಲೆನ್ಸಿನ ಪ್ರತಿ ತಿರುವಿನಲ್ಲೂ ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು.

ಕರಾವಳಿಯ ಆಸ್ಪತ್ರೆಯಲ್ಲಿ ತಿಳಿದದ್ದು ಇಷ್ಟು: ಪಿತ್ತಕೋಶದ ಸಣ್ಣ ನಾಳವೆಂದುಕೊಂಡು ಮುಖ್ಯ ಪಿತ್ತನಾಳಕ್ಕೆ ಕ್ಲಿಪ್ ಹಾಕಿ ಕತ್ತರಿಸಲಾಗಿದೆ. ಹೊಟ್ಟೆಯೊಳಗೆ ಸೋರಿ ನಿಂತಿದ್ದ ಪಿತ್ತರಸವನ್ನು ನಳಿಕೆ ಹಾಕಿ ಹೊರತೆಗೆದರು. ಮೂರು ತಿಂಗಳು ಆ ನಳಿಕೆಯೊಂದಿಗೇ ಕಳೆದ ನಂತರ, ಕರುಳನ್ನು ನೇರವಾಗಿ ಪಿತ್ತನಾಳಕ್ಕೆ ಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆ ನಡೆಯಿತು. ಒಟ್ಟು ಖರ್ಚು 6 ಲಕ್ಷ ದಾಟಿತು. ವಿಮೆಯಿಂದ 3 ಲಕ್ಷ ಬಂತು, ಉಳಿದದ್ದಕ್ಕೆ ಸೊಸೈಟಿಯಲ್ಲಿ ಬಂಗಾರ ಅಡವಿಟ್ಟೆವು.

ಮೊದಲ ಆಸ್ಪತ್ರೆಯವರು ಇದು ಎಲ್ಲರಿಗೂ ಗೊತ್ತಿರುವ ತೊಡಕು, ನೀವು ಸಹಿ ಮಾಡಿದ ಕಾಗದದಲ್ಲೇ ಬರೆದಿದೆ ಎನ್ನುತ್ತಾರೆ. ಮಾನವೀಯತೆಯ ದೃಷ್ಟಿಯಿಂದ 50 ಸಾವಿರ ಕೊಡುತ್ತೇವೆ, ಮುಂದೆ ಯಾವ ತಕರಾರೂ ಇಲ್ಲವೆಂದು ಬರೆದುಕೊಡಿ ಎಂದೂ ಹೇಳಿದ್ದಾರೆ. ಬೆಂಗಳೂರಿನಲ್ಲಿರುವ ತಮ್ಮ ಪೊಲೀಸ್ ದೂರು ಕೊಡೋಣ ಎನ್ನುತ್ತಾನೆ. ಸೋದರಮಾವ ‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ಹೇಳಿ ಎದ್ದು ಹೋಗುತ್ತಾರೆ. ಅಮ್ಮನಂತೂ, “ಅವರೇನು ಬೇಕೆಂದು ಮಾಡಿದರೇ? ನಿಮ್ಮಪ್ಪನ ಹರ್ನಿಯಾ ಮಾಡಿದ್ದೂ ಅವರೇ ಅಲ್ಲವೇ, ಅವರ ಕೈಗುಣ ಒಳ್ಳೆಯದು,” ಎನ್ನುತ್ತಾರೆ. ನನಗೆ ಸೇಡು ಬೇಕಿಲ್ಲ. ಆದರೆ ಇದು ದುರದೃಷ್ಟವೋ ತಪ್ಪೋ ಎಂಬುದನ್ನು ನಮ್ಮಂಥವರು ಹೇಗೆ ತಿಳಿಯಬೇಕು? ತಿಳಿದ ಮೇಲೆ ದೂರಿನ ದಾರಿ ಹಿಡಿಯುವುದು ತಕ್ಕದ್ದೇ?

ಉತ್ತರ 1: ನಿವೃತ್ತ ಸರ್ಜನ್

ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಇದೇ ಕೆಲಸ ಮಾಡಿದವನು ನಾನು. ವೈದ್ಯರ ಪರ ವಾದಿಸುತ್ತಿದ್ದೇನೆ ಎಂದು ಮೊದಲರ್ಧ ಓದುವಾಗ ತಮಗೆ ಅನ್ನಿಸಬಹುದು. ದಯವಿಟ್ಟು ಪೂರ್ತಿ ಓದಿ.

ಪಿತ್ತನಾಳಕ್ಕೆ ಪೆಟ್ಟಾಗುವುದು ಲ್ಯಾಪ್ರೊಸ್ಕೋಪಿಯಲ್ಲಿ ನಿಜಕ್ಕೂ ಗೊತ್ತಿರುವ ತೊಡಕು. ಸಾವಿರ ಶಸ್ತ್ರಚಿಕಿತ್ಸೆಗಳಲ್ಲಿ ಒಂದರಿಂದ ಐದರವರೆಗೆ ಹೀಗಾಗುತ್ತದೆ, ಅನುಭವಿಗಳ ಕೈಯಲ್ಲೂ ಆಗುತ್ತದೆ. ಪಿತ್ತಕೋಶ ಪದೇ ಪದೇ ಊದಿಕೊಂಡು ಸುತ್ತಲಿನ ಭಾಗಕ್ಕೆ ಅಂಟಿಕೊಂಡಿದ್ದರೆ ಒಳಗಿನ ಅಂಗರಚನೆ ಪಠ್ಯಪುಸ್ತಕದ ಚಿತ್ರದಂತೆ ಇರುವುದಿಲ್ಲ. ಎಳೆದು ಹಿಡಿದಾಗ ಮುಖ್ಯ ನಾಳವೇ ಸಣ್ಣ ನಾಳದಂತೆ ನೇರವಾಗಿ ಎದುರಿಗೆ ಬಂದು ನಿಲ್ಲುತ್ತದೆ. ಆದ್ದರಿಂದಲೇ ಕತ್ತರಿಸುವ ಮುನ್ನ ಈ ನಾಳಗಳ ನಡುವಿನ ತ್ರಿಕೋನ ಭಾಗದ ಕೊಬ್ಬನ್ನು ಬಿಡಿಸಿ, ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಿ, ಪಿತ್ತಕೋಶಕ್ಕೆ ಹೋಗುವ ರಚನೆಗಳು (ಸಣ್ಣ ನಾಳ ಮತ್ತು ಒಂದು ರಕ್ತನಾಳ) ಎರಡೇ ಎರಡು ಎಂದು ಕಣ್ಣಾರೆ ಖಚಿತಪಡಿಸಿಕೊಳ್ಳಬೇಕೆಂಬ ಪದ್ಧತಿ 1990ರ ದಶಕದಿಂದ ರೂಢಿಯಲ್ಲಿದೆ. ಹಾಗೆ ಕಾಣಿಸದಿದ್ದರೆ ಹೊಟ್ಟೆ ತೆರೆಯಬೇಕು, ಇಲ್ಲವೇ ಪಿತ್ತಕೋಶದ ಒಂದು ಭಾಗವನ್ನಷ್ಟೇ ತೆಗೆದು ಹಿಂದೆ ಸರಿಯಬೇಕು. ಹಿಂದೆ ಸರಿಯುವುದು ಸೋಲಲ್ಲ ಎಂದು ನನ್ನ ಕಿರಿಯರಿಗೆ ಹೇಳಿ ಹೇಳಿ ನನಗೆ ಸಾಕಾಗಿತ್ತು. ತಮ್ಮ ತಾಯಿಯವರ ಶಸ್ತ್ರಚಿಕಿತ್ಸೆಯ ಟಿಪ್ಪಣಿಯಲ್ಲಿ ಇದರ ಬಗ್ಗೆ ಏನು ಬರೆದಿದ್ದಾರೆ ಎಂಬುದು ಮೊದಲ ಪ್ರಶ್ನೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಡ್ರೈನ್ ಚೀಲ. ಪಿತ್ತನಾಳ ಕತ್ತರಿಸಿಹೋದದ್ದು ಹಲವು ಬಾರಿ ಆಪರೇಷನ್ ಟೇಬಲ್ ಮೇಲೆ ಗೊತ್ತೇ ಆಗುವುದಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಲ್ಯಾಪ್ರೊಸ್ಕೋಪಿ ಆದ ರೋಗಿ ದಿನದಿಂದ ದಿನಕ್ಕೆ ಚೇತರಿಸಿಕೊಳ್ಳಬೇಕು. ಎರಡನೆಯ ದಿನ ಡ್ರೈನ್‌ನಲ್ಲಿ ಪಿತ್ತರಸ ಕಾಣಿಸಿದರೆ ಅದು ಒಳಗಿನಿಂದ ಬಂದ ಪತ್ರವಿದ್ದಂತೆ, ಅದನ್ನು ಓದದೆ ಇರಲು ಕಾರಣವಿಲ್ಲ. ಆಗ ಯಕೃತ್ತಿನ ರಕ್ತಪರೀಕ್ಷೆ, ಹೊಟ್ಟೆಯ ಸ್ಕ್ಯಾನ್, ಬೇಕಾದರೆ ಎಂಆರ್‌ಸಿಪಿ (ಪಿತ್ತನಾಳಗಳನ್ನು ತೋರಿಸುವ ಎಂಆರ್‌ಐ ಸ್ಕ್ಯಾನ್) ಮಾಡಿಸಿ, ತಮ್ಮಲ್ಲಿ ಸೌಲಭ್ಯವಿಲ್ಲದಿದ್ದರೆ ಅಂದೇ ಪಿತ್ತನಾಳದ ತಜ್ಞರಿರುವ ಕಡೆಗೆ ಕಳುಹಿಸಬೇಕು. ಡ್ರೈನ್ ಕಿತ್ತು ಮನೆಗೆ ಕಳುಹಿಸಿದರೆ ಸೋರುವುದು ನಿಲ್ಲುವುದಿಲ್ಲ, ಕಾಣುವುದಷ್ಟೇ ನಿಲ್ಲುತ್ತದೆ.

ಹಾಗಾಗಿ ‘ನಾಳ ಏಕೆ ಕತ್ತರಿಸಿತು’ ಎಂಬ ಪ್ರಶ್ನೆಗಿಂತ ‘ಎರಡನೆಯ ದಿನದಿಂದ ಎಂಟನೆಯ ದಿನದವರೆಗೆ ಏನು ನಡೆಯಿತು’ ಎಂಬ ಪ್ರಶ್ನೆಯ ಮೇಲೆ ಗಮನವಿಡಿ. ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು: ಎರಡನೆಯ ದಿನವೇ ಪತ್ತೆಯಾಗಿದ್ದರೂ ಕರುಳು ಜೋಡಿಸುವ ಶಸ್ತ್ರಚಿಕಿತ್ಸೆ ತಪ್ಪುತ್ತಿತ್ತೆಂದು ನಾನು ಹೇಳಲಾರೆ. ಸೋಂಕು, ಚಳಿಜ್ವರ, ಪ್ರಾಣಾಪಾಯದ ಆ ರಾತ್ರಿ, ಬಹುಶಃ ನಳಿಕೆಯ ಕೆಲವು ವಾರಗಳು ತಪ್ಪುತ್ತಿದ್ದವು. ಎದುರು ಪಕ್ಷದವರು ಈ ವಾದವನ್ನು ಖಂಡಿತ ಹೂಡುತ್ತಾರೆ.

ಉತ್ತರ 2: ಗ್ರಾಹಕ ಪ್ರಕರಣಗಳ ವಕೀಲ

ಸರ್ಜನ್ ಅವರು ವೈದ್ಯಕೀಯವಾಗಿ ಹೇಳಿದ್ದನ್ನೇ ಕಾನೂನು ತನ್ನ ಭಾಷೆಯಲ್ಲಿ ಹೇಳುತ್ತದೆ. ಕೆಟ್ಟ ಫಲಿತಾಂಶವೊಂದೇ ನಿರ್ಲಕ್ಷ್ಯಕ್ಕೆ ಪುರಾವೆಯಲ್ಲ. ಸಾಮಾನ್ಯ ಕೌಶಲವುಳ್ಳ ಅದೇ ವಿಭಾಗದ ವೈದ್ಯರು ಅಂಥ ಸನ್ನಿವೇಶದಲ್ಲಿ ವಹಿಸುತ್ತಿದ್ದ ಎಚ್ಚರವನ್ನು ಇವರು ವಹಿಸಿದರೇ ಎಂಬುದೇ ಅಳತೆಗೋಲು. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿಸ್ತಾರವಾಗಿ ಚರ್ಚಿಸಿದೆ.

ಮೊದಲು ತಮ್ಮನವರ ಪೊಲೀಸ್ ದೂರಿನ ವಿಷಯ ಮುಗಿಸಿಬಿಡುತ್ತೇನೆ. ಕ್ರಿಮಿನಲ್ ಹೊಣೆಗೆ ಎಂಥದೋ ಒಂದು ತಪ್ಪು ಸಾಲದು, ಅದು ಘೋರ ನಿರ್ಲಕ್ಷ್ಯವಾಗಿರಬೇಕು. ಪೊಲೀಸರೂ ಕ್ರಮಕ್ಕೆ ಮುಂಚೆ ಸ್ವತಂತ್ರ ವೈದ್ಯರೊಬ್ಬರ, ಸಾಧ್ಯವಾದಷ್ಟು ಸರ್ಕಾರಿ ವೈದ್ಯರ, ಅಭಿಪ್ರಾಯ ಪಡೆಯಬೇಕು. ಜನ ಪತ್ರಿಕೆಗಳಲ್ಲಿ ಓದುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಸಾವಿಗೆ ಸಂಬಂಧಿಸಿದ್ದು, ನಿಮ್ಮ ತಾಯಿಯವರಿಗೆ ಅದು ಅನ್ವಯಿಸುವುದೇ ಇಲ್ಲ. ನಿಮ್ಮ ಗುರಿ ಸೇಡಲ್ಲವಾದರೆ ಠಾಣೆಯ ಮೆಟ್ಟಿಲು ಹತ್ತಬೇಡಿ.

ನಿಮಗಿರುವ ನಿಜವಾದ ದಾರಿ ಜಿಲ್ಲಾ ಗ್ರಾಹಕರ ಆಯೋಗ. ಹಣ ಕೊಟ್ಟು ಪಡೆಯುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನಡಿ ಬರುತ್ತದೆ ಎಂಬುದು 1995ರ ವಿ.ಪಿ. ಶಾಂತಾ ತೀರ್ಪಿನಿಂದ ಇತ್ಯರ್ಥವಾಗಿದೆ. ಹಣವನ್ನು ವಿಮೆಯವರು ಕಟ್ಟಿದರೂ ಅದರಿಂದ ಬಾಧಕವಿಲ್ಲ. 2019ರ ಕಾಯ್ದೆಯ ಪ್ರಕಾರ ಯಾವ ಆಯೋಗ ಎಂಬುದು ನೀವು ಕೇಳುವ ಪರಿಹಾರದ ಮೇಲಲ್ಲ, ಆಸ್ಪತ್ರೆಗೆ ಕೊಟ್ಟ ಹಣದ ಮೇಲೆ ನಿರ್ಧಾರವಾಗುತ್ತದೆ. 50 ಲಕ್ಷದವರೆಗೆ ಜಿಲ್ಲಾ ಆಯೋಗವೇ. 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಆಸ್ಪತ್ರೆ ಎಲ್ಲೇ ಇರಲಿ, ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ವಕೀಲರು ಕಡ್ಡಾಯವಲ್ಲ, ಆದರೂ ವೈದ್ಯಕೀಯ ಪ್ರಕರಣದಲ್ಲಿ ವಕೀಲರಿಲ್ಲದೆ ಹೋಗಿ ಎಂದು ನಾನು ಹೇಳುವುದಿಲ್ಲ. ನನ್ನ ಹೊಟ್ಟೆಪಾಡಿನ ಮಾತು ಎಂದುಕೊಂಡರೂ ಅಡ್ಡಿಯಿಲ್ಲ.

ಕಾಲಮಿತಿ ಎರಡು ವರ್ಷ. ತೊಡಕು ತಿಳಿದ ದಿನದಿಂದ ಎಣಿಸಬೇಕು ಎಂಬ ವಾದವಿದೆ, ಸಕಾರಣವಿದ್ದರೆ ವಿಳಂಬ ಮನ್ನಿಸುವ ಅವಕಾಶವೂ ಇದೆ. ಅವೆರಡನ್ನೂ ನೆಚ್ಚಿ ಕೂರದೆ ಶಸ್ತ್ರಚಿಕಿತ್ಸೆಯ ದಿನದಿಂದಲೇ ಎಣಿಸಿಕೊಳ್ಳಿ. ಅಂದರೆ ನಿಮಗೆ ಉಳಿದಿರುವುದು ಹತ್ತು ತಿಂಗಳು.

ಆದರೆ ದೂರು ಕೊಡುವುದೋ ಬೇಡವೋ ಎಂಬ ತೀರ್ಮಾನವನ್ನು ಇಂದು ಮಾಡಲೇಬೇಡಿ. ಇಂದು ಮಾಡಬೇಕಾದ್ದು ಒಂದೇ ಕೆಲಸ, ದಾಖಲೆ ಪಡೆಯುವುದು. ಡಿಸ್ಚಾರ್ಜ್ ಸಮರಿ ಸಾಲದು, ಅದು ಆಸ್ಪತ್ರೆ ನಿಮಗೆ ಹೇಳಲು ಬಯಸಿದ ಕಥೆ. ಪೂರ್ಣ ಕೇಸ್ ಶೀಟ್, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಅರಿವಳಿಕೆಯ ದಾಖಲೆ, ನರ್ಸಿಂಗ್ ಚಾರ್ಟ್, ಡ್ರೈನ್ ಅಳತೆಯ ಪಟ್ಟಿ, ಸಮ್ಮತಿ ಪತ್ರ, ಶಸ್ತ್ರಚಿಕಿತ್ಸೆಯ ವಿಡಿಯೊ ಇದ್ದರೆ ಅದರ ಪ್ರತಿ ಇವನ್ನೆಲ್ಲ ಹೆಸರು ಹಿಡಿದು ಕೇಳಿ, ತಾಯಿಯವರ ಸಹಿಯಿರುವ ಅರ್ಜಿಯನ್ನು ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ. ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಇಟ್ಟಿರಬೇಕು, ಕೇಳಿದ 72 ಗಂಟೆಗಳೊಳಗೆ ಕೊಡಬೇಕು. ಕೊಡದಿದ್ದರೆ ಅದೇ ಒಂದು ದುರ್ನಡತೆ.

ಸಮ್ಮತಿ ಪತ್ರದ ಬಗ್ಗೆ ಹೆದರಬೇಡಿ. ಅಪಾಯವಿದೆ ಎಂದು ಒಪ್ಪಿ ಸಹಿ ಹಾಕಿದವರು ಅಜಾಗರೂಕತೆಗೆ ಒಪ್ಪಿ ಸಹಿ ಹಾಕಿರುವುದಿಲ್ಲ. 50 ಸಾವಿರದ ಕಾಗದಕ್ಕೆ ಮಾತ್ರ ಈಗ ಸಹಿ ಮಾಡಬೇಡಿ, ಹಾಗೆಂದು ಕಟುವಾಗಿ ತಿರಸ್ಕರಿಸಲೂಬೇಡಿ. ದಾಖಲೆ ನೋಡಿ ತಿಳಿಸುತ್ತೇವೆ ಎನ್ನಿ. ವೈದ್ಯರು ಬಾಯಿ ಬಿಡದಿರುವುದಕ್ಕೆ ಅಹಂಕಾರವೇ ಕಾರಣ ಎಂದುಕೊಳ್ಳಬೇಕಿಲ್ಲ. ಬಹಳ ವೈದ್ಯರಿಗೆ ವೃತ್ತಿ ಹೊಣೆಗಾರಿಕೆಯ ವಿಮೆ ಇರುತ್ತದೆ, ವಿಮಾ ಕಂಪನಿಯ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಳ್ಳಬಾರದೆಂಬ ಷರತ್ತು ಅದರಲ್ಲಿ ಸಾಮಾನ್ಯ.

ಪರಿಹಾರದ ಮೊತ್ತದ ಬಗ್ಗೆ ಕನಸು ಕಾಣಬೇಡಿ. ಎಲ್ಲರೂ ಉದಾಹರಿಸುವ ಕೊಲ್ಕತ್ತಾದ ಅನುರಾಧಾ ಸಹಾ ಪ್ರಕರಣದಲ್ಲಿ ಸುಮಾರು 6 ಕೋಟಿ ಸಿಕ್ಕಿತು ನಿಜ. ಅವರು ತೀರಿಕೊಂಡದ್ದು 1998ರಲ್ಲಿ, ತೀರ್ಪು ಬಂದದ್ದು 2013ರಲ್ಲಿ. ಅದೇ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು ಸಮ್ಮತಿಯಿಲ್ಲದೆ ಗರ್ಭಕೋಶವನ್ನೇ ತೆಗೆದಿದ್ದರೂ ಪರಿಹಾರವೆಂದು ಕೊಡಿಸಿದ್ದು 25 ಸಾವಿರ. ನಿಮ್ಮ ಪ್ರಕರಣದಲ್ಲಿ ಎರಡನೆಯ ಆಸ್ಪತ್ರೆಯ ಖರ್ಚು, ಕಳೆದುಕೊಂಡ ದುಡಿಮೆ, ನೋವಿಗೆ ಒಂದಿಷ್ಟು, ಇವುಗಳ ಆಸುಪಾಸಿನಲ್ಲಿ ಯೋಚಿಸಿ.

ಕೊನೆಯದಾಗಿ, ದೂರುದಾರರು ನಿಮ್ಮ ತಾಯಿ. ಹಣ ಕಟ್ಟಿದವರು ನೀವೇ ಇರಬಹುದು, ಆದರೆ ಪ್ರಮಾಣಪತ್ರ ಸಲ್ಲಿಸಿ ಪಾಟೀ ಸವಾಲಿಗೆ ಉತ್ತರಿಸಬೇಕಾದವರು ಅವರು. ಅವರಿಗೆ ಮನಸ್ಸಿಲ್ಲದ ಪ್ರಕರಣವನ್ನು ಮಕ್ಕಳು ಎಳೆದುಕೊಂಡು ಹೋದದ್ದನ್ನು ನೋಡಿದ್ದೇನೆ, ಮೂರನೆಯ ವಾಯಿದೆಗೇ ನಿಂತುಹೋಗುತ್ತದೆ.

ಉತ್ತರ 3: ಗದಗಿನಿಂದ ಒಬ್ಬರು

ಈ ದಾರಿಯಲ್ಲಿ ನಡೆದು ಬಂದವನು ನಾನು, ಆದ್ದರಿಂದ ಬರೆಯುತ್ತಿದ್ದೇನೆ. ನನ್ನ ಹೆಂಡತಿಯ ಸಿಸೇರಿಯನ್ ಆದ ನಂತರ ಏಳು ತಿಂಗಳು ಹೊಟ್ಟೆನೋವಿತ್ತು. ಬೇರೆ ಕಡೆ ಹೊಟ್ಟೆ ತೆರೆದಾಗ ಒಳಗೆ ಬಟ್ಟೆಯ ಮಾಪ್ ಸಿಕ್ಕಿತು. ಅದನ್ನು ಟ್ರೇಯಲ್ಲಿಟ್ಟು ನನಗೆ ತೋರಿಸಿದರು, ಫೋಟೊ ತೆಗೆದುಕೊಂಡೆ. ಇಂಥ ವಿಷಯದಲ್ಲಿ ತಜ್ಞರ ಸಾಕ್ಷ್ಯವೂ ಬೇಡ, ವಸ್ತುವೇ ಮಾತಾಡುತ್ತದೆ ಎಂದು ನಮ್ಮ ವಕೀಲರು ಹೇಳಿದರು, ಆಯೋಗವೂ ಹಾಗೆಯೇ ಹೇಳಿತು. ಆದರೂ ಆದೇಶ ಬರಲು ನಾಲ್ಕು ವರ್ಷ ಹಿಡಿಯಿತು. ಕಾಯ್ದೆಯಲ್ಲಿ ಮೂರು ತಿಂಗಳು ಎಂದು ಬರೆದಿದೆ, ಓದಿದಾಗ ನಗು ಬರುತ್ತದೆ. ನಾನು ಬಸ್ ಟಿಕೆಟ್‌ಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದೆ. ವಾಯಿದೆಗಳು 31 ಆಗಿದ್ದವು, ಅವುಗಳಲ್ಲಿ ಅರ್ಧದಷ್ಟು ದಿನ ಮುಂದಿನ ತಾರೀಖು ಕೇಳಿಕೊಂಡು ಬಂದದ್ದೇ. 4 ಲಕ್ಷ ಕೊಡಬೇಕೆಂದು ಆದೇಶವಾಯಿತು. ಆಸ್ಪತ್ರೆಯವರು ಅರ್ಧ ಹಣ ಠೇವಣಿಯಿಟ್ಟು ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋದರು. ಕೊನೆಗೆ ಮೂರು ಲಕ್ಷಕ್ಕೆ ರಾಜಿಯಾಯಿತು.

ನಿಮಗೆ ಬೇಡವೆನ್ನುತ್ತಿಲ್ಲ. ನನ್ನ ಹೆಂಡತಿಗೆ ಆ ಏಳು ತಿಂಗಳು ಎಲ್ಲರೂ ಹೇಳಿದ್ದು ‘ಬಾಣಂತಿ ಸರಿಯಾಗಿ ಪಥ್ಯ ಮಾಡಿಲ್ಲ’ ಎಂದು. ಆದೇಶದ ಪ್ರತಿಯಲ್ಲಿ ‘ದೂರುದಾರಳ ನೋವು ನಿಜವಾದದ್ದು’ ಎಂಬ ಅರ್ಥದ ಒಂದು ಸಾಲಿತ್ತು. ಆಕೆ ಅದನ್ನು ತನ್ನ ಅತ್ತೆಗೆ, ಅಂದರೆ ನನ್ನ ತಾಯಿಗೆ, ಓದಿ ಹೇಳಿಸಿದಳು. ಮೂರು ಲಕ್ಷದ ಸುದ್ದಿಗೆ ಆಕೆ ಅಷ್ಟು ಹಿಗ್ಗಲಿಲ್ಲ.

ಪ್ರಶ್ನೆ ಕೇಳಿದವರು: ಮಲೆನಾಡಿನ ಮಗಳು

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಮೊದಲ ಅರ್ಜಿಗೆ ಉತ್ತರ ಬರಲಿಲ್ಲ. 2002ರ ನಿಯಮವನ್ನು ಉಲ್ಲೇಖಿಸಿ ಎರಡನೆಯದನ್ನು ಕಳುಹಿಸಿದಾಗ 64 ಪುಟಗಳ ಪ್ರತಿ ಬಂತು, ವಿಡಿಯೊ ಇಲ್ಲವೆಂದು ಬರೆದಿದ್ದಾರೆ.

ಶಸ್ತ್ರಚಿಕಿತ್ಸೆಯ ಟಿಪ್ಪಣಿ ಆರು ಸಾಲಿನದು. ‘ಅಂಟುಗಳಿದ್ದವು, ನಾಳ ಮತ್ತು ರಕ್ತನಾಳ ಗುರುತಿಸಿ ಕ್ಲಿಪ್ ಹಾಕಿ ಕತ್ತರಿಸಲಾಯಿತು’ ಎಂದಷ್ಟೇ ಇದೆ. ನರ್ಸಿಂಗ್ ಚಾರ್ಟ್‌ನಲ್ಲಿ ಎರಡನೆಯ ದಿನ ಬೆಳಿಗ್ಗೆ 6 ಗಂಟೆಗೆ ‘ಡ್ರೈನ್ 320 ಎಂಎಲ್, ಪಿತ್ತರಸದ ಬಣ್ಣ, ಡಾಕ್ಟರಿಗೆ ತಿಳಿಸಲಾಗಿದೆ’ ಎಂದು ನೀಲಿ ಶಾಯಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಅದೇ ದಿನದ ವೈದ್ಯರ ಟಿಪ್ಪಣಿಯಲ್ಲಿ ‘ರೋಗಿ ಆರಾಮ, ದ್ರವಾಹಾರ ಆರಂಭಿಸಿ’ ಎಂದಿದೆ. ಡ್ರೈನ್‌ನ ಮಾತೇ ಇಲ್ಲ. ಮೂರನೆಯ ದಿನ 280 ಎಂಎಲ್, ಅದರ ಕೆಳಗೆ ಡ್ರೈನ್ ತೆಗೆಯಲು ಆದೇಶ. ಬಿಡುಗಡೆಗೆ ಮುಂಚೆ ರಕ್ತಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ.

ಉತ್ತರ 4: ನಿವೃತ್ತ ಸರ್ಜನ್

ಆ ನರ್ಸ್ ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿದ್ದಾರೆ. ಮೊದಲು 320, ಮರುದಿನ 280 ಎಂಎಲ್ ಬಂದಿರುವಾಗ ಡ್ರೈನ್ ತೆಗೆಸಿ, ಯಾವ ಪರೀಕ್ಷೆಯನ್ನೂ ಮಾಡಿಸದೆ ಮನೆಗೆ ಕಳುಹಿಸಿದ್ದನ್ನು ತೊಡಕು ಎಂದು ಕರೆಯಲು ನನ್ನಿಂದ ಆಗದು. ಕತ್ತರಿಸಿದ್ದರ ಬಗ್ಗೆ ನನ್ನ ಅಭಿಪ್ರಾಯ ಮೊದಲಿನದೇ: ಟಿಪ್ಪಣಿ ಬಡವಾಗಿದೆ, ಆದರೆ ಅದರಿಂದ ಮಾತ್ರ ತಪ್ಪನ್ನು ಸಾಧಿಸುವುದು ಕಷ್ಟ. ಕೆಲಸದಲ್ಲಿರುವ ಗ್ಯಾಸ್ಟ್ರೊ ಸರ್ಜನ್ ಒಬ್ಬರಿಂದ ಲಿಖಿತ ಅಭಿಪ್ರಾಯ ಪಡೆಯಿರಿ. ಎರಡನೆಯ ಆಸ್ಪತ್ರೆಯವರು ಬರೆದುಕೊಡಲು ಹಿಂಜರಿಯಬಹುದು, ನಮ್ಮವರ ನಡುವೆ ಅಂಥ ಸಂಕೋಚ ಇರುವುದು ಸುಳ್ಳಲ್ಲ; ಬೇರೆ ಜಿಲ್ಲೆಯವರನ್ನು ಕೇಳಿ.

ಉತ್ತರ 5: ಗ್ರಾಹಕ ಪ್ರಕರಣಗಳ ವಕೀಲ

ಹಾಗಾದರೆ ದೂರನ್ನು ಆ ಆರು ದಿನಗಳ ಸುತ್ತಲೇ ಕಟ್ಟಬೇಕು. ಎಲ್ಲವೂ ತಪ್ಪು ಎಂದು ಬರೆದ ದೂರಿಗಿಂತ ಇದೊಂದು ತಪ್ಪು ಎಂದು ಬರೆದ ದೂರಿಗೆ ಬಲ ಹೆಚ್ಚು. ಪ್ರತಿ ಪ್ರಕರಣಕ್ಕೂ ತಜ್ಞರ ಸಾಕ್ಷ್ಯ ಬೇಕಿಲ್ಲವೆಂದು 2010ರ ಕಿಶನ್ ರಾವ್ ತೀರ್ಪು ಹೇಳುತ್ತದೆ. ಅದರಲ್ಲಿ ಮಲೇರಿಯಾ ಜ್ವರಕ್ಕೆ ಟೈಫಾಯ್ಡಿನ ಚಿಕಿತ್ಸೆ ಕೊಟ್ಟಿದ್ದರು. ಆದರೂ ನಿಮ್ಮದರಲ್ಲಿ ಲಿಖಿತ ಅಭಿಪ್ರಾಯವಿಲ್ಲದೆ ಹೋಗಬೇಡಿ. ಅದು ಕೈಗೆ ಬಂದ ಮೇಲೆ ಲೀಗಲ್ ನೋಟಿಸ್ ಕೊಡಿ. ಕೆಲವು ಪ್ರಕರಣಗಳು ವಿಮಾ ಕಂಪನಿಯ ಮೇಜಿನ ಮೇಲೆ ಅಲ್ಲಿಗೇ ಮುಗಿಯುತ್ತವೆ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ದೂರು ಕೊಡಬಹುದು, ಆದರೆ ಅದು ನೋಂದಣಿಯ ಮೇಲೆ ಕ್ರಮ ಕೈಗೊಳ್ಳುತ್ತದೆಯೇ ಹೊರತು ಹಣ ಕೊಡಿಸುವುದಿಲ್ಲ. ಪರಿಷತ್ತಿನ ತೀರ್ಮಾನ ಬರಲಿ ಎಂದು ಕಾಯುತ್ತಾ ಎರಡು ವರ್ಷದ ಗಡುವು ಮೀರಿಸಿಕೊಂಡವರು ನನ್ನ ಕಚೇರಿಗೇ ಬಂದಿದ್ದಾರೆ.

ತಾಯಿಯವರು ಏನೆನ್ನುತ್ತಾರೆ?

ಪ್ರಶ್ನೆ ಕೇಳಿದವರು: ಮಲೆನಾಡಿನ ಮಗಳು

ಆ ಪುಟವನ್ನು ಅವರಿಗೆ ಓದಿ ಹೇಳಿದೆ. ‘ಡಾಕ್ಟರಿಗೆ ತಿಳಿಸಲಾಗಿದೆ’ ಎಂಬ ಮಾತನ್ನು ಇನ್ನೊಮ್ಮೆ ಓದಲು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಆ ಹುಡುಗಿ ಹೇಳಿದ್ದಳು,” ಎಂದರು. ಇಷ್ಟು ದಿನ ಅವರು ಆ ನರ್ಸ್ ಮೇಲೆ ಮುನಿಸಿಕೊಂಡಿದ್ದರೆಂದು ನನಗೆ ಗೊತ್ತಿರಲಿಲ್ಲ. ಆಯೋಗದ ಮಾತಿಗೆ ಇನ್ನೂ ಹೂಂ ಎಂದಿಲ್ಲ. ಆದರೆ ಲಿಖಿತ ಅಭಿಪ್ರಾಯಕ್ಕೆ ಬೇಕಾದ ಕಾಗದಗಳನ್ನು ಹುಬ್ಬಳ್ಳಿಯ ತಜ್ಞರೊಬ್ಬರಿಗೆ ಕಳುಹಿಸಲು ಒಪ್ಪಿ, ಪತ್ರಕ್ಕೆ ತಾವೇ ಸಹಿ ಹಾಕಿದ್ದಾರೆ. 50 ಸಾವಿರದ ಕಾಗದವನ್ನು ಸಹಿ ಮಾಡದೆ ಕಪಾಟಿನಲ್ಲಿಟ್ಟಿದ್ದೇವೆ.